ಕಂಪನಿ ನಾಟಕ

ಹೋದ ಸುಗ್ಗಿಯಲ್ಲಿ ನಮ್ಮ ಆಫೀಸಿನ ಪಿಆರ್ ಏಜೆನ್ಸಿಯವರು ಹಾನಗಲ್ ತಾಲೂಕಿನ ನಮ್ಮೂರಿಗೆ ಬಂದಿದ್ದರು. ನಾವು ಮಾಡಿರೋದು ಗೋವಿನಜೋಳದ ರೇಟು ಮುಂದೆ ಏರುತ್ತೋ ಇಳಿಯುತ್ತೋ ಅಂತ ಹೇಳೋ ಆ್ಯಪ್. ಅವರಿಗೆ ಬೇಕಾಗಿದ್ದು ನಮ್ಮಪ್ಪ. ಅಪ್ಪ ಪಟಗಾ ಸುತ್ತಿಕೊಂಡು ಎತ್ತಿನ ಪಕ್ಕ ನಿಲ್ಲಬೇಕು, ನಾನು ಬದುವಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂರಬೇಕು. ಎತ್ತು ಮಾರಿ ಆರು ವರ್ಷ ಆಯ್ತು, ಮನೇಲಿ ಟ್ರ್ಯಾಕ್ಟರ್ ಇದೆ ಅಂದೆ. ಟ್ರ್ಯಾಕ್ಟರ್ ಓದುಗರಿಗೆ 'ಕನೆಕ್ಟ್' ಆಗಲ್ಲವಂತೆ! ಪಕ್ಕದ ಮನೆಯ ಎತ್ತು ಕೇಳಿ ತಂದ್ವಿ. "ಇದೇನಪಾ, ಕಂಪನಿ ನಾಟಕದಾಗ ಪಾರ್ಟು ಕೊಟ್ಟಂಗಾತಲ್ಲ" ಅಂತ ಅಪ್ಪ ನಕ್ಕ. ನಾನೂ ನಕ್ಕೆ.

ವಾರದೊಳಗೆ ಪೇಪರಿನಲ್ಲಿ ಅರ್ಧ ಪುಟ. ಹಳ್ಳಿ ಹುಡುಗ, ಬಡತನ, ಎಐ, ಎಲ್ಲ ಇತ್ತು. ಆ್ಯಪ್‌ನ ಅಂದಾಜು ಎಷ್ಟು ಸಲ ಸರಿ ಬಂತು, ಎಷ್ಟು ಸಲ ತಪ್ಪಿತು ಅನ್ನೋ ಬಗ್ಗೆ ಒಂದು ಸಾಲೂ ಇರಲಿಲ್ಲ. ವರದಿಗಾರರು ಕೇಳಲಿಲ್ಲ. ಪ್ರೆಸ್ ನೋಟ್ ಬರೆದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಿರೇಕೆರೂರಲ್ಲಿರೋ ನಮ್ಮ ಸೋದರಮಾವ ಆ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದರು. ರೇಟು ಏರುತ್ತೆ ಅಂತ ಆ್ಯಪ್ ಹೇಳಿದ್ದಕ್ಕೆ ಮೂರು ವಾರ ಮಾಲು ಹಿಡಿದರು. ರೇಟು ಇಳೀತು. ಸಾಲದ ಕಂತು ಕಟ್ಟಲು ಕೊನೆಗೆ ಸಿಕ್ಕ ರೇಟಿಗೆ ಕೊಟ್ಟರು. ಫೋನಿನಲ್ಲಿ ಬೈಯಲಿಲ್ಲ. "ನಾ ಆ್ಯಪ್ ನಂಬಿದ್ದಿಲ್ಲೋ ಅಳಿಯಾ, ಪೇಪರ್‌ನ್ಯಾಗ ನಿನ್ನ ಮಾರಿ ನೋಡಿ ನಂಬಿದ್ದೆ" ಅಂದರು ಅಷ್ಟೆ.

ಆಫೀಸಲ್ಲಿ ಇದನ್ನು ಹೇಳಿದರೆ, "ಪಿಆರ್ ಯಾರು ಮಾಡಲ್ಲ ಗುರೂ? ಇನ್ಫೋಸಿಸ್ ಕತೆ ಕೇಳಿಲ್ವಾ?" ಅಂತಾರೆ. ಕೇಳದೆ ಏನು? 1981, ಏಳು ಜನ ಇಂಜಿನಿಯರು, ನಮ್ಮ ಪಕ್ಕದ ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ ಕೂಡಿಟ್ಟಿದ್ದ 10,000 ರೂಪಾಯಿ. ನಮ್ಮ ಕಡೆ ಈ ಕತೆ ಕೇಳದೆ ಯಾರೂ ಬಿಇ ಸೇರಲ್ಲ. ಆದರೆ ಅದೇ ಕಂಪನಿ 1993ರಲ್ಲಿ 95 ರೂಪಾಯಿಗೆ ಷೇರು ಬಿಟ್ಟಾಗ ಕೊಳ್ಳೋರು ಸಾಲಲಿಲ್ಲ, ಮಾರ್ಗನ್ ಸ್ಟಾನ್ಲಿ ಬಂದು ಕೈ ಹಿಡಿಯಬೇಕಾಯ್ತು. 1999ರಲ್ಲಿ ನಾಸ್ಡಾಕ್‌ಗೆ ಹೋಗೋಕೆ ಮುಂಚೆಯೇ, ಇಲ್ಲಿನ ಕಾನೂನು ಕೇಳದಿದ್ದರೂ, ಅಮೆರಿಕದ ಪದ್ಧತಿಯ ಲೆಕ್ಕವನ್ನೂ ಅವರು ಪ್ರಕಟಿಸುತ್ತಿದ್ದರು. ಪತ್ರಿಕೆಯವರು ತಿರುವಿ ಹಾಕಿ ನೋಡೋಕೆ ಅಂಕಿಗಳಿದ್ದವು. ನಮ್ಮ ಸ್ಟಾರ್ಟಪ್‌ಗಳು ಎತ್ತಿಕೊಂಡಿದ್ದು ಆ 10,000 ರೂಪಾಯಿ ಕತೆಯನ್ನು ಮಾತ್ರ.

ನಮ್ಮ ಬೆಂಗಳೂರಿನ ಬೈಜೂಸ್ ನೋಡಿ. 2019ರಲ್ಲಿ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು, 2022ರ ನವೆಂಬರ್‌ನಲ್ಲಿ ಮೆಸ್ಸಿ ರಾಯಭಾರಿ. ಅದರ ಹಿಂದಿನ ತಿಂಗಳಷ್ಟೇ ಸುಮಾರು 2,500 ಜನರನ್ನು ಕೆಲಸದಿಂದ ತೆಗೀತೀವಿ ಅಂದಿದ್ದರು. 2020-21ರ ಲೆಕ್ಕ ಹೊರಬಂದಿದ್ದೇ 2022ರ ಸೆಪ್ಟೆಂಬರ್‌ನಲ್ಲಿ, ನಷ್ಟ 4,500 ಕೋಟಿ ದಾಟಿತ್ತು. ಕಡೆಗೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಗಿದ್ದು ಕ್ರಿಕೆಟ್ ಮಂಡಳಿಯ ಅರ್ಜಿಯಿಂದಲೇ, 158 ಕೋಟಿ ಬಾಕಿಗೆ!

ಕಂಪನಿ ಸುದ್ದಿ ಬಂದ ದಿನ ಲಿಂಕ್ಡ್‌ಇನ್‌ನಲ್ಲಿ 'ಪ್ರೌಡ್ ಮೊಮೆಂಟ್' ಅಂತ ಹಾಕ್ತೀವಲ್ಲ (ನಾನೂ ಹಾಕಿದ್ದೆ, ಲೈಕು ಎಣಿಸಿದ್ದೆ), ಅದು ಊರಿಗೂ ಹೋಗುತ್ತೆ ಸ್ವಾಮಿ. ಹೂಡಿಕೆದಾರನ ಹತ್ರ ವಕೀಲರಿದ್ದಾರೆ, ಆಡಿಟರ್ ಇದ್ದಾರೆ. ಮಾವನ ಹತ್ರ ಇದ್ದಿದ್ದು ಪೇಪರಿನ ತುಂಡು, ಅದರಲ್ಲಿ ಅಳಿಯನ ಮುಖ. ಏಜೆನ್ಸಿಯವರು ತಿಂಗಳ ವರದಿಯಲ್ಲಿ ಅದನ್ನು 'ಕವರೇಜ್' ಅಂತ ಬರೆದುಕೊಂಡರು.

ಮೊನ್ನೆ ಏಜೆನ್ಸಿಯಿಂದ ಮತ್ತೆ ಫೋನ್. ಈ ಸಲ ಸವಣೂರಿನ ದೊಡ್ಡಹುಣಸೆ ಮರದ ಕೆಳಗೆ ಶೂಟಿಂಗು, ಜೊತೆಗೆ ವೀಳ್ಯದೆಲೆ ಬೆಳೆಯೋ ರೈತರು. ಬರ್ತೀನಿ ಅಂದೆ. ಆದರೆ ನಮ್ಮ ಅಂದಾಜು ಹೋದ ಸೀಸನ್‌ನಲ್ಲಿ ಎಷ್ಟು ಸಲ ತಪ್ಪಿತು ಅನ್ನೋದನ್ನ ಪ್ರೆಸ್ ನೋಟಿನ ಮೊದಲ ಪ್ಯಾರಾದಲ್ಲೇ ಹಾಕಬೇಕು ಅಂದೆ. ಒಳಗೆ ಕೇಳಿ ಹೇಳ್ತೀವಿ ಅಂದರು. ಹನ್ನೊಂದು ದಿನ ಆಯ್ತು. ಅಂಕಿ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ.