ಇರುವ ಹಳಿ, ಇಲ್ಲದ ರೈಲು

ಕಲಘಟಗಿ ತಾಲ್ಲೂಕಿನ ತಂಬೂರ ಮತ್ತು ಸುತ್ತಲಿನ ಹಳ್ಳಿಗಳ ಜನರು ಕಾಲು ಶತಮಾನದಿಂದ ಒಂದೇ ಮಾತನ್ನು ಕೇಳುತ್ತ ಬಂದಿದ್ದಾರೆ: ರೈಲು ಬರುತ್ತದೆ, ಅದರ ಬೆನ್ನಿಗೆ ಅಭಿವೃದ್ಧಿಯೂ ಬರುತ್ತದೆ. 1997-98ರ ರೈಲ್ವೆ ಆಯವ್ಯಯದಲ್ಲಿ ಸೇರ್ಪಡೆಯಾದ ಹುಬ್ಬಳ್ಳಿ–ಅಂಕೋಲಾ ಮಾರ್ಗವು ಕಲಘಟಗಿ, ಕಿರವತ್ತಿ, ಯಲ್ಲಾಪುರಗಳನ್ನು ಹಾದು ಕಡಲಿಗೆ ಇಳಿಯಬೇಕಾಗಿತ್ತು. ಆ ವರ್ಷ ಹುಟ್ಟಿದ ಮಕ್ಕಳು ಪದವಿ ಮುಗಿಸಿ ಉದ್ಯೋಗ ಅರಸಿ ಊರು ಬಿಟ್ಟಿದ್ದಾರೆ. ಆದರೆ ಆ ಮಾರ್ಗದಲ್ಲಿ ಪ್ರಯಾಣಿಕರಿಗಾಗಿ ಒಂದು ರೈಲೂ ಓಡಿಲ್ಲ.

ಈ ಯೋಜನೆಗೆ ಪರಿಸರಾಸಕ್ತರ ವಿರೋಧವು ಸಕಾರಣವಾದುದು. ಸುಮಾರು 164 ಕಿಲೋಮೀಟರ್ ಉದ್ದದ ಮಾರ್ಗಕ್ಕೆ 595 ಹೆಕ್ಟೇರಿಗೂ ಹೆಚ್ಚು ಅರಣ್ಯ ಬಲಿಯಾಗಬೇಕಿತ್ತು. ಎರಡು ಲಕ್ಷಕ್ಕೂ ಅಧಿಕ ಮರಗಳು ಉರುಳಬೇಕಿದ್ದವು. ಸರ್ವೋಚ್ಚ ನ್ಯಾಯಾಲಯದ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು 2015ರಲ್ಲಿ ಯೋಜನೆ ಬೇಡವೆಂದಿತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಅದಕ್ಕೆ ಒಪ್ಪಿಗೆ ನೀಡಿದಾಗ, ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ದಾಂಡೇಲಿಯ ಕಾಡಿನಿಂದ ಭತ್ತದ ಸುಗ್ಗಿಗೆ ಮುಂಡಗೋಡ, ಕಲಘಟಗಿಗಳತ್ತ ಬರುವ ಆನೆಗಳ ದಾರಿಯನ್ನು ತುಂಡರಿಸಿದರೆ, ಅವು ಇನ್ನಾವ ಹೊಲಗಳಿಗೆ ನುಗ್ಗುತ್ತವೆ ಎಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾರ್ಗದ ಮೂಲ ಉದ್ದೇಶವು ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರನ್ನು ಬಂದರಿಗೆ ಸಾಗಿಸುವುದಾಗಿತ್ತು ಎಂಬುದನ್ನೂ ಮರೆಯಬಾರದು. 2010ರಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ದೊರೆಯಿತು. ಅದಿರನ್ನು ನಂಬಿದ ಹಳಿಯ ಭವಿಷ್ಯವು ಹೀಗೆ ಅದಿರಿನ ಮಾರುಕಟ್ಟೆಯೊಡನೆ ಏಳುತ್ತದೆ, ಬೀಳುತ್ತದೆ. ಧಾರವಾಡದ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯ ವೇಳೆಯನ್ನು ನೋಡಿ ಅದು ರೂಪುಗೊಂಡದ್ದಲ್ಲ.

ಆದರೆ ಚಳವಳಿಯು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ‘ಬೇಡ’ ಎಂದವರು ‘ಏನು ಬೇಕು’ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಿದ್ದಾರೆಯೇ? ರೈಲು ಬೇಕೆನ್ನುವ ಹಳ್ಳಿಗನ ಬೇಡಿಕೆ ನ್ಯಾಯವಾದುದು. ಕಿಕ್ಕಿರಿದ ಬಸ್ಸಿಗೆ ಕಾದು ಮೊದಲ ತರಗತಿಯನ್ನು ಕಳೆದುಕೊಳ್ಳುವ ವಿದ್ಯಾರ್ಥಿ, ಕಾಯಿಪಲ್ಲೆಯ ಬುಟ್ಟಿಗಳೊಂದಿಗೆ ಟಂಟಂ ಹಿಡಿಯುವ ಮಹಿಳೆ, ಕೂಲಿಗೆ ಹುಬ್ಬಳ್ಳಿಗೆ ಹೋಗಿ ಬರುವ ಯುವಕ, ಇವರಿಗೆ ಕಾಡಿನ ಮಹತ್ವವನ್ನು ಬೋಧಿಸಿ ಕಳುಹಿಸುವುದು ಉತ್ತರವಾಗಲಾರದು.

ಉತ್ತರವು ಈಗಾಗಲೇ ನೆಲದ ಮೇಲಿರುವ ಹಳಿಗಳಲ್ಲಿದೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿಯೇ ಇದೆ. 2023ರ ಮಾರ್ಚ್‌ನಲ್ಲಿ ಅಲ್ಲಿನ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನ್ನಲಾದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. 2025ರ ಮೇ 22ರಂದು ‘ಅಮೃತ ಭಾರತ’ ಯೋಜನೆಯಡಿ ಧಾರವಾಡ, ಗದಗ ಮೊದಲಾದ ನಿಲ್ದಾಣಗಳ ನವೀಕೃತ ರೂಪ ಲೋಕಾರ್ಪಣೆಗೊಂಡಿತು. ಇವೆಲ್ಲ ಸ್ವಾಗತಾರ್ಹ. ಆದರೆ ಧಾರವಾಡದಿಂದ ಅಳ್ನಾವರದತ್ತ ಸಾಗುವ ಹಳಿಯಲ್ಲಿ ಕ್ಯಾರಕೊಪ್ಪ, ಮುಗದ, ಕಂಬಾರಗಣವಿಗಳಿವೆ. ಅತ್ತ ಕುಂದಗೋಳ, ಇತ್ತ ಅಣ್ಣಿಗೇರಿ ಇವೆ. ಹಳ್ಳಿಯ ಆರ್ಥಿಕತೆ ಹಳಿಯನ್ನು ಮುಟ್ಟುವುದು ಇಂತಹ ಚಿಕ್ಕ ನಿಲ್ದಾಣಗಳಲ್ಲಿ. ನಿಲ್ದಾಣದ ಮುಂಭಾಗ ಎಷ್ಟು ಸುಂದರವಾದರೂ, ಬೆಳಿಗ್ಗೆ ಹೋಗಿ ಸಂಜೆ ಮರಳಲು ರೈಲು ನಿಲ್ಲದಿದ್ದರೆ ಅದರಿಂದ ಊರಿಗೆ ಪ್ರಯೋಜನವಿಲ್ಲ.

ಚಿಕ್ಕ ರೈಲು ಎಷ್ಟು ಸುಲಭವಾಗಿ ಕೈತಪ್ಪುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬ್ರಿಟಿಷರ ಕಾಲದಲ್ಲಿ ಮರ ಸಾಗಿಸಲು ಹಾಕಿದ ಅಳ್ನಾವರ–ದಾಂಡೇಲಿ ಹಳಿಯಲ್ಲಿ ಎರಡು ದಶಕಗಳಿಗೂ ಹೆಚ್ಚಿನ ಬಿಡುವಿನ ನಂತರ, 2019ರ ನವೆಂಬರ್‌ನಲ್ಲಿ ಪ್ರಯಾಣಿಕ ರೈಲು ಆರಂಭವಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ದೇಶದ ಎಲ್ಲ ಪ್ರಯಾಣಿಕ ರೈಲುಗಳೊಂದಿಗೆ ಅದೂ ನಿಂತಿತು. ಆ ಬಳಿಕ ದೇಶದಾದ್ಯಂತ ಪ್ಯಾಸೆಂಜರ್ ರೈಲುಗಳು ಎಕ್ಸ್‌ಪ್ರೆಸ್ ದರದಲ್ಲಿ ಓಡತೊಡಗಿ, 10 ರೂಪಾಯಿಯ ಕನಿಷ್ಠ ಟಿಕೆಟ್ 30 ರೂಪಾಯಿಯಾಯಿತು. ಹಳೆಯ ದರ ಮರಳಲು 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ತಂಬೂರದ ಭಾಗಕ್ಕೆ ಬೇಕಾದುದು ಮೂರು ಸಂಗತಿಗಳು. ಮೊದಲನೆಯದು ವೇಳಾಪಟ್ಟಿ. ಕಾಲೇಜು, ಕಚೇರಿ, ಮಾರುಕಟ್ಟೆಗಳ ಹೊತ್ತಿಗೆ ಹೊಂದುವಂತೆ ಅಳ್ನಾವರ, ಕುಂದಗೋಳ, ಅಣ್ಣಿಗೇರಿಗಳಿಂದ ಹುಬ್ಬಳ್ಳಿ–ಧಾರವಾಡಕ್ಕೆ ನಿಯತ ಪ್ಯಾಸೆಂಜರ್ ರೈಲುಗಳಿರಬೇಕು. ಎರಡನೆಯದು ಬಸ್ಸಿನ ಜೋಡಣೆ. ಕಲಘಟಗಿ ತಾಲ್ಲೂಕಿನಲ್ಲಿ ರೈಲು ನಿಲ್ದಾಣವಿಲ್ಲದ್ದರಿಂದ, ವಾಯವ್ಯ ಸಾರಿಗೆಯ ಬಸ್ಸು ರೈಲಿನ ವೇಳೆಗೆ ನಿಲ್ದಾಣದ ಬಾಗಿಲಿಗೇ ತಲುಪಬೇಕು. 2023ರಿಂದ ಮಹಿಳೆಯರಿಗೆ ಈ ಬಸ್ಸು ಉಚಿತ. ಮುಂದಿನ ಪ್ರಯಾಣಕ್ಕೆ ಅಗ್ಗದ ರೈಲು ಸಿಕ್ಕರೆ ದುಡಿಮೆಯ ದಾರಿಗಳು ಹಿಗ್ಗುತ್ತವೆ. ಬೆಟ್ಟಗಳ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ 1982ರಲ್ಲಿ ದೇಶವ್ಯಾಪಿ ನಿಯತ ಅಂತರದ ವೇಳಾಪಟ್ಟಿ ಜಾರಿಗೆ ಬಂತು. ಅಲ್ಲಿ ಕಣಿವೆಯ ಹಳ್ಳಿಗಳಿಗೆ ಹೋಗುವ ಅಂಚೆ ಬಸ್ಸುಗಳು ರೈಲಿನ ಹೊತ್ತಿಗೆ ಹೊಂದಿಕೊಂಡು ಓಡುತ್ತವೆ.

ಮೂರನೆಯದು ರೈತರ ಸರಕಿಗೆ ಸ್ಥಳ. ಕೊಯ್ದ ಸೊಪ್ಪು, ಬೆಂಡೆಗಳು ಬಿಸಿಲಿನಲ್ಲಿ ಕಳೆಯುವ ಪ್ರತಿ ಗಂಟೆಯೂ ತೇವವನ್ನು, ತೂಕವನ್ನು, ಕೊನೆಗೆ ಬೆಲೆಯನ್ನು ಕಸಿಯುತ್ತದೆ. ಬೆಳಗಿನ ರೈಲಿನಲ್ಲಿ ಬುಟ್ಟಿಗಳಿಗೊಂದು ಬೋಗಿ, ನಿಲ್ದಾಣದಲ್ಲಿ ನೆರಳು, ನೀರು, ಶೌಚಾಲಯ, ಇವು ಸಾಧಾರಣ ಬೇಡಿಕೆಗಳು. 2022ರಲ್ಲಿ ಬಂದ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಯೋಜನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಿಗೂ ಮಳಿಗೆ ಕೇಳಬಹುದು.

ಪ್ರಯಾಣಿಕರ ರೈಲು ನಷ್ಟದ ಬಾಬತ್ತು ಎಂಬ ಆಕ್ಷೇಪ ಬರುವುದು ಸಹಜ. ವೆಚ್ಚದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಟಿಕೆಟಿನಿಂದ ಬರುತ್ತದೆ ಎಂದು ರೈಲ್ವೆ ಸಚಿವಾಲಯವೇ ಹೇಳುತ್ತದೆ. ಆದರೆ ಘಟ್ಟವನ್ನು ಸೀಳುವ ಹೊಸ ಮಾರ್ಗಕ್ಕೆ ಸಾವಿರಾರು ಕೋಟಿ ಹುಡುಕಬಲ್ಲ ಸರ್ಕಾರಕ್ಕೆ, ಇರುವ ಹಳಿಯ ಮೇಲೆ ಎರಡು ಹೆಚ್ಚಿನ ರೈಲು ಓಡಿಸುವ ವೆಚ್ಚ ಭಾರವಾಗಬಾರದು. ಆ ವೆಚ್ಚಕ್ಕೆ ಒಂದು ಮರವೂ ಉರುಳಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗಳಲ್ಲಿ ಪ್ರತಿ ಊರೂ ಎಷ್ಟು ಜನ, ಯಾವ ಹೊತ್ತಿಗೆ, ಎಲ್ಲಿಗೆ ಹೋಗುತ್ತಾರೆಂಬ ಲೆಕ್ಕ ಬರೆಯಲಿ. ವಿದ್ಯಾರ್ಥಿಗಳು ಆ ಕೆಲಸಕ್ಕೆ ಮುಂದಾಗಲಿ. ಆ ಲೆಕ್ಕವನ್ನು ಸೇರಿಸಿದ ಠರಾವು ಹುಬ್ಬಳ್ಳಿಯ ರೈಲ್ವೆ ಕಚೇರಿಗೂ ಸಾರಿಗೆ ಸಂಸ್ಥೆಗೂ ತಲುಪಲಿ. ಕಾಡನ್ನು ಉಳಿಸಬೇಕೆನ್ನುವವರೇ ಆ ಠರಾವಿಗೆ ಮೊದಲ ಸಹಿ ಹಾಕಬೇಕು.