ಹೆಸರು ದೊಡ್ಡದೋ, ತಂಡ ದೊಡ್ಡದೋ?



ಆಟ ಗೆಲ್ಲಿಸೋದು ಯಾರು ಅಂತ ಕೇಳಿದರೆ ನಮ್ಮಲ್ಲಿ ಎಲ್ಲರೂ ಜಾಸ್ತಿ ಪಾಯಿಂಟ್ ತಂದವನ ಹೆಸರನ್ನೇ ಹೇಳ್ತಾರೆ. ಅದು ಅರ್ಧ ಸತ್ಯ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ತಂಡ. ಮೋಟಾರು ಕಾರು ತಯಾರಿಸುವುದಕ್ಕೆ ಹೆಸರಾದ ಡೆಟ್ರಾಯಿಟ್ ನಗರದ ಪಿಸ್ಟನ್ಸ್ ತಂಡ. ವರ್ಷ 2003-04.

ಅಲ್ಲಿಯ ಎನ್‌ಬಿಎ ಲೀಗ್‌ನಲ್ಲಿ ಪ್ರತಿ ತಂಡವೂ ಮೊದಲು 82 ಪಂದ್ಯ ಆಡಬೇಕು. ಕೊನೆಗೆ 16 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಅಲ್ಲಿ ಎರಡೆರಡು ತಂಡಗಳ ನಡುವೆ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ.

ಈ ತಂಡದಲ್ಲಿ ಇದ್ದವರು ಯಾರು ನೋಡಿ. ಬೆನ್ ವಾಲೇಸ್‌ನನ್ನು 1996ರ ಆಯ್ಕೆಯಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಚಾನ್ಸಿ ಬಿಲಪ್ಸ್ ಒಂದು ತಂಡದಿಂದ ಇನ್ನೊಂದಕ್ಕೆ ಅಲೆದು ಅಲೆದು 2002ರಲ್ಲಿ ಇಲ್ಲಿಗೆ ಬಂದವನು. ಮೂಗು ಮುರಿದುಕೊಂಡು ಮುಖಕ್ಕೆ ಮುಖವಾಡ ಹಾಕಿಕೊಂಡು ಆಡಿದ ರಿಚರ್ಡ್ ಹ್ಯಾಮಿಲ್ಟನ್. ಕಡ್ಡಿಯಂತೆ ತೆಳ್ಳಗಿದ್ದ, ಉದ್ದ ಕೈಯ ಟೇಶಾನ್ ಪ್ರಿನ್ಸ್. 2004ರ ಫೆಬ್ರವರಿಯಲ್ಲಿ, ಅಂದರೆ ನಡು ಸೀಸನ್‌ನಲ್ಲಿ ಬಂದು ಸೇರಿದ ರಶೀದ್ ವಾಲೇಸ್. ತರಬೇತುದಾರರು ಲ್ಯಾರಿ ಬ್ರೌನ್. ಇಡೀ ತಂಡದಲ್ಲಿ ಪಂದ್ಯಕ್ಕೆ ಸರಾಸರಿ 20 ಪಾಯಿಂಟ್ ಹೊಡೆದವನು ಒಬ್ಬನೂ ಇಲ್ಲ. ಎಲ್ಲರಿಗಿಂತ ಹೆಚ್ಚು ಅಂದರೆ ಹ್ಯಾಮಿಲ್ಟನ್, 17.6. ಆದರೂ 82ರಲ್ಲಿ 54 ಗೆದ್ದರು!

ಹೇಗೆ? ಎದುರಾಳಿಯನ್ನು ತಡೆದು. ಆ ಮಾರ್ಚ್‌ನಲ್ಲಿ ಒಂದರ ಹಿಂದೆ ಒಂದರಂತೆ ಐದು ತಂಡಗಳನ್ನು 70 ಪಾಯಿಂಟ್ ದಾಟದಂತೆ ಕಟ್ಟಿಹಾಕಿದರು. ಆಗ ಎನ್‌ಬಿಎಯಲ್ಲಿ 90, 100 ಪಾಯಿಂಟ್ ಹೊಡೆಯೋದು ಸಾಮಾನ್ಯವಾಗಿತ್ತು. ಇದು ಎಂಥ ಕೆಲಸ ಅಂತ ನೀವೇ ಲೆಕ್ಕ ಹಾಕಿ.

ಪ್ಲೇಆಫ್ ಸುಲಭವಾಗಿರಲಿಲ್ಲ. ಮಿಲ್ವಾಕೀ ತಂಡವನ್ನು 4-1ರಿಂದ ಸೋಲಿಸಿದರು. ಆಮೇಲೆ ನ್ಯೂಜೆರ್ಸಿ ಎದುರು ಮೂರು ಸಲ ಹೆಚ್ಚುವರಿ ಸಮಯ ಆಡಿಯೂ ಐದನೇ ಪಂದ್ಯ ಸೋತು 2-3ರಿಂದ ಹಿಂದೆ ಬಿದ್ದರು. ಇನ್ನೊಂದು ಸೋತರೆ ಕಥೆ ಮುಗೀತು. ಆರನೆಯದನ್ನು ಎದುರಾಳಿಯ ಅಂಗಳದಲ್ಲೇ ಗೆದ್ದರು, ಏಳನೆಯದನ್ನು 90-69ರಿಂದ ಗೆದ್ದರು.

ಮುಂದೆ ಇಂಡಿಯಾನಾ. ಆ ವರ್ಷ 61 ಪಂದ್ಯ ಗೆದ್ದು ಲೀಗ್‌ಗೇ ಮೊದಲಿದ್ದ ತಂಡ. ಎರಡನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಪಿಸ್ಟನ್ಸ್‌ಗೆ ಎರಡೇ ಪಾಯಿಂಟ್ ಮುನ್ನಡೆ. ರೆಜಿ ಮಿಲ್ಲರ್ ಚೆಂಡು ಹಿಡಿದು ಒಬ್ಬನೇ ಬುಟ್ಟಿಯ ಕಡೆ ಓಡುತ್ತಿದ್ದ. ಹಿಂದಿನಿಂದ ಓಡಿ ಬಂದ ಪ್ರಿನ್ಸ್ ಹಾರಿ ಆ ಚೆಂಡನ್ನು ತಟ್ಟಿಬಿಟ್ಟ! ಆ ತಟ್ಟಿದ್ದಕ್ಕೆ ಅವನ ಲೆಕ್ಕಕ್ಕೆ ಒಂದು ಪಾಯಿಂಟೂ ಸೇರಲಿಲ್ಲ. ಆದರೆ ಪಂದ್ಯ ಉಳಿಯಿತು, 72-67. ಸರಣಿಯೂ 4-2ರಿಂದ ಬಂತು.

ಫೈನಲ್‌ನಲ್ಲಿ ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಶಾಕಿಲ್ ಓನೀಲ್, ಕೋಬಿ ಬ್ರ್ಯಾಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್. ನಾಲ್ವರೂ ಹೆಸರಾಂತರು. ಪಿಸ್ಟನ್ಸ್ ಗೆಲ್ಲುತ್ತಾರೆ ಅಂತ ಅಂದುಕೊಂಡವರು ಬಹಳ ಕಡಿಮೆ. ಮೊದಲ ಪಂದ್ಯ ಪಿಸ್ಟನ್ಸ್‌ಗೆ. ಎರಡನೆಯದರಲ್ಲಿ ಇನ್ನೇನು ಗೆದ್ದೆವು ಅನ್ನುವಾಗ ಕೋಬಿ ದೂರದಿಂದ ಮೂರು ಪಾಯಿಂಟಿನ ಎಸೆತ ಹಾಕಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಲೇಕರ್ಸ್ ಗೆದ್ದರು. ಬೇರೆ ತಂಡವಾಗಿದ್ದರೆ ಅಲ್ಲೇ ಕುಸಿಯುತ್ತಿತ್ತೇನೋ. ಇವರು ಮುಂದಿನ ಮೂರನ್ನೂ ತಮ್ಮೂರಿನಲ್ಲಿ ಗೆದ್ದರು: 88-68, 88-80, 100-87. ಜೂನ್ 15, 2004ರಂದು ಕಪ್ ಡೆಟ್ರಾಯಿಟ್‌ಗೆ ಬಂತು. 1990ರ ನಂತರ ಅದೇ ಮೊದಲು.

ಮಲೋನ್‌ಗೆ ಮಂಡಿ ಗಾಯವಾಗಿತ್ತು, ಅದಕ್ಕೇ ಲೇಕರ್ಸ್ ಸೋತರು ಅಂತ ಕೆಲವರು ಹೇಳಬಹುದು. ಗಾಯವಾಗಿದ್ದು ನಿಜ, ಕೊನೆಯ ಪಂದ್ಯ ಅವನು ಆಡಲೇ ಇಲ್ಲ. ಆದರೆ ಶಾಕಿಲ್, ಕೋಬಿ ಐದೂ ಪಂದ್ಯ ಆಡಿದರಲ್ಲ! ಶಾಕಿಲ್ ಪಂದ್ಯಕ್ಕೆ 26 ಪಾಯಿಂಟ್ ಮೇಲೇ ಹೊಡೆದ. ಕೋಬಿಯ ಎಸೆತಗಳಲ್ಲಿ ಮಾತ್ರ ನೂರಕ್ಕೆ 38ರಷ್ಟೇ ಬುಟ್ಟಿಗೆ ಬಿದ್ದವು. ಅವನ ಬೆನ್ನು ಬಿಡದೆ ಕಾದವನು ಮುಖ್ಯವಾಗಿ ಅದೇ ತೆಳ್ಳನೆಯ ಪ್ರಿನ್ಸ್.

ಪಾಯಿಂಟ್ ಇಲ್ಲದೆ ಗೆಲುವು ಎಲ್ಲಿಂದ ಬರುತ್ತೆ ಅಂತ ಇನ್ನೊಬ್ಬರು ಕೇಳಬಹುದು. ಸರಿಯೇ. ಫೈನಲ್‌ನ ಉತ್ತಮ ಆಟಗಾರ ಅನ್ನಿಸಿಕೊಂಡ ಬಿಲಪ್ಸ್ ಪಂದ್ಯಕ್ಕೆ 21 ಪಾಯಿಂಟ್ ತಂದ. ಆದರೆ ಕೊನೆಯ ಪಂದ್ಯದಲ್ಲಿ ಬುಟ್ಟಿಗೆ ಬೀಳದೆ ವಾಪಸ್ ಬಂದ ಚೆಂಡನ್ನು 22 ಸಲ ಹಿಡಿದವನು ಬೆನ್ ವಾಲೇಸ್. ಚೆಂಡೇ ಕೈಗೆ ಸಿಗದಿದ್ದರೆ ಪಾಯಿಂಟ್ ಹೊಡೆಯೋದು ಯಾವುದರಿಂದ?

ನಮ್ಮ ಕಬಡ್ಡಿಯಲ್ಲೂ ಇದೇ ಕಥೆ ಅಲ್ಲವೇ? ರೈಡ್ ಹೋಗಿ ಇಬ್ಬರನ್ನು ಮುಟ್ಟಿ ಬಂದವನಿಗೆ ಚಪ್ಪಾಳೆ, ಶಿಳ್ಳೆ. ಎದುರಾಳಿಯ ಕಾಲು ಹಿಡಿದು ಮೊಣಕೈ ತರಚಿಕೊಂಡವನನ್ನು ಯಾರೂ ಕೇಳಲ್ಲ. ಅದಕ್ಕೇ ಈಗ ಎಲ್ಲರಿಗೂ ರೈಡರ್ ಆಗಬೇಕು, ಹಿಡಿಯೋಕೆ ನಿಲ್ಲುವವರೇ ಇಲ್ಲ.

ಆದ್ದರಿಂದ ಪಿ.ಟಿ. ಮೇಷ್ಟ್ರಲ್ಲಿ ನನ್ನದೊಂದು ವಿನಂತಿ. ಈ ಸಲದ ಕ್ರೀಡಾ ದಿನದಂದು ಚೆನ್ನಾಗಿ ಹಿಡಿದವರಿಗೂ ಒಂದು ಬಹುಮಾನ ಇಡಿ ಸಾರ್. ದೊಡ್ಡದೇನೂ ಬೇಡ, ಒಂದು ನೋಟ್‌ಬುಕ್ ಆದರೂ ಸಾಕು. ವೇದಿಕೆಯ ಮೇಲೆ ಹೆಸರು ಕರೆದು ಕೊಡಬೇಕು, ಅಷ್ಟೆ.

ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆದುಕೊಡಿ. ರೈಡರುಗಳೂ ಬರೆಯಬಹುದು!

– 10ನೇ ತರಗತಿಯ ಒಬ್ಬ ವಿದ್ಯಾರ್ಥಿ