ಮುಳ್ಳಿದ್ದದ್ದೆಲ್ಲ ಬ್ರಹ್ಮದಂಡೆ ಅಲ್ಲ

ಹೋದ ಭಾನುವಾರ ಊರಿಂದ ದೊಡ್ಡಮ್ಮ ವಾಟ್ಸಾಪಲ್ಲಿ ಒಂದು ಫೋಟೊ ಕಳಿಸಿದ್ರು. ಹೊಲದ ಬದುವಿನಲ್ಲಿ ಮೈತುಂಬ ಮುಳ್ಳಿರೋ ಗಿಡ, ತುದಿಯಲ್ಲಿ ಹಳದಿ ಹೂ. ಜೊತೆಗೊಂದು ವಾಯ್ಸ್ ಮೆಸೇಜು: "ಇದು ಬ್ರಹ್ಮದಂಡೆ ತಾನೇ? ಕೆಮ್ಮಿಗೆ ಒಳ್ಳೇದಂತೆ. ಕಷಾಯಕ್ಕೆ ಇಡ್ಲಾ?"

ತಕ್ಷಣ ಫೋನ್ ಮಾಡಿದೆ. "ದೊಡ್ಡಮ್ಮ, ಒಲೆ ಹಚ್ಚಬೇಡಿ. ಮೊದ್ಲು ಒಂದು ಕಡ್ಡಿ ಮುರಿದು ನೋಡಿ."

"ಅಯ್ಯೋ, ಅರಿಶಿನ ಕಲಸಿದ ಹಾಗೆ ಹಾಲು ಬರ್ತಿದೆಯಲ್ಲೋ!"

ಅಲ್ಲಿಗೆ ಗೊತ್ತಾಯ್ತು, ಅದು ಬ್ರಹ್ಮದಂಡೆ ಅಲ್ಲ, ಅರಿಶಿನ ದತ್ತೂರಿ. ಅಮೆರಿಕ ಖಂಡದಿಂದ ಬಂದು ನಮ್ಮ ಬೀಳು ನೆಲ, ರಸ್ತೆ ಬದಿಯಲ್ಲೆಲ್ಲ ಬೇರೂರಿದ ಗಿಡ. ಗಸಗಸೆಯ ಕುಟುಂಬದ್ದು. ವಿಷಕಾರಿ. ಇಂಗ್ಲಿಷಿನಲ್ಲಿ ಇದನ್ನೂ ಕೆಲವರು 'ಥಿಸಲ್' ಅಂತಾರೆ, ನಮ್ಮಲ್ಲೂ ಕೆಲವು ಕಡೆ ಬ್ರಹ್ಮದಂಡಿ ಅಂತಾರೆ. ಎಡವಟ್ಟು ಶುರುವಾಗೋದೇ ಹೆಸರಿನಿಂದ.

ನಿಜವಾದ ಬ್ರಹ್ಮದಂಡೆ ಸೂರ್ಯಕಾಂತಿಯ ಕುಟುಂಬದ್ದು. ಗುರುತು ಸುಲಭ. ಹೂ ಚೆಂಡಿನ ಹಾಗೆ ದುಂಡಗೆ, ಬಿಳಿ ಅಥವಾ ತಿಳಿ ನೀಲಿ, ಸುತ್ತಲೂ ಮುಳ್ಳು. ಎಲೆ ತಿರುಗಿಸಿದರೆ ಅಡಿಭಾಗದಲ್ಲಿ ಹತ್ತಿಯಂಥ ಬಿಳಿ ನವಿರು. ಮುರಿದರೆ ಹಳದಿ ಹಾಲು ಬರೋದಿಲ್ಲ.

ದತ್ತೂರಿಯ ಹೂವಿಗೆ ತೆಳ್ಳಗಿನ ಹಳದಿ ಎಸಳು, ಸಾಮಾನ್ಯವಾಗಿ ನಾಲ್ಕರಿಂದ ಆರು. ಬೂದು-ಹಸಿರು ಎಲೆಯ ಮೇಲೆ ಬಿಳಿ ನರ ಎದ್ದು ಕಾಣುತ್ತೆ.

ಇನ್ನು ಉತ್ತರ ಕರ್ನಾಟಕದ ಹೊಲದಲ್ಲಿ ಹಳದಿ-ಕೇಸರಿ ಹೂವಿನ ಮುಳ್ಳುಗಿಡ ಕಂಡರೆ ಅದು ಕುಸುಬೆ ಇರಬಹುದು. ಬ್ರಹ್ಮದಂಡೆಯ ನೆಂಟ, ಆದರೆ ಎಣ್ಣೆಗಾಗಿ ಬೆಳೆಯೋ ಬೆಳೆ. ಅದರ ಎಲೆಯಡಿ ಬಿಳಿ ಹತ್ತಿ ಇರೋದಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ದತ್ತೂರಿ ಬೀಜ ನೋಡೋಕೆ ಥೇಟ್ ಸಾಸಿವೆ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು, ಜನರಿಗೆ ಕಾಲು ಬಾತು, ಹೃದಯಕ್ಕೆ ಪೆಟ್ಟು ಬಿದ್ದು, 60ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಹಾಗಾಗಿ ಫೋನಿನ ಆ್ಯಪ್ ಹೇಳಿತು, ಗ್ರೂಪಲ್ಲಿ ಯಾರೋ ಹೇಳಿದರು ಅಂತ ಯಾವ ಕಾಡುಗಿಡವನ್ನೂ ಕುದಿಸಬೇಡಿ. ಹೂ ನೋಡಿ, ಎಲೆ ತಿರುಗಿಸಿ, ಕಡ್ಡಿ ಮುರಿದು ನೋಡಿ, ಆಮೇಲೆ ಕೈ ತೊಳೆಯಿರಿ. ಇದು ಗುರುತು ಹಿಡಿಯೋಕೆ ಮಾತ್ರ. ಔಷಧಿಗೆ ವೈದ್ಯರೇ ಸೈ.

ದೊಡ್ಡಮ್ಮ ಈಗ ಕೆಮ್ಮಿಗೆ ಶುಂಠಿ ಕಷಾಯ ಕುಡೀತಿದ್ದಾರೆ. "ಅದಕ್ಕೆ ಫೋಟೊ ಕಳಿಸೋದೇನೂ ಬೇಡ ಬಿಡು" ಅಂತ ನಗ್ತಾರೆ.